ಅಪ್ಪನನ್ನು ಉಪದೇಶಿ ಎಂದು ಕರೆದವಳು

ನನ್ನ ಅಪ್ಪ ಉಪದೇಶಿ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೂ ಉಪದೇಶಿಯೇ. ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಮೇಲೆ ಬಿಷಪ್ಪರು. ಅವರಿಂದ ತಲೆಯ ಮೇಲೆ ಕೈಯಿಡಿಸಿಕೊಂಡು ಅಭಿಷೇಕ ಪಡೆದವರು ಸಭಾಪಾಲಕರು. ಅಂಥ ಅಭಿಷೇಕವಿಲ್ಲದೆ ಹಳ್ಳಿಯ ಚಿಕ್ಕ ಚರ್ಚು ನೋಡಿಕೊಳ್ಳುವವನು ಉಪದೇಶಿ. ಪ್ರಾರ್ಥನೆ ಮಾಡಬಹುದು, ಪ್ರಸಂಗ ಹೇಳಬಹುದು, ಕಾಯಿಲೆಯವರ ಮನೆಗೆ ಹೋಗಿ ಕೂರಬಹುದು. ದೀಕ್ಷಾಸ್ನಾನ ಮಾಡಿಸುವಂತಿಲ್ಲ, ಮದುವೆ ಮಾಡಿಸುವಂತಿಲ್ಲ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಅದಕ್ಕೆ ತಿಂಗಳಿಗೊಮ್ಮೆ ಬಾಗಲಕೋಟೆಯಿಂದ ಸಭಾಪಾಲಕರೇ ಬರಬೇಕು.

ಗುಡೂರಿನ ಆಚೆಗಿನ ನಮ್ಮ ಊರಿಗೆ ಈ ಲೆಕ್ಕವೆಲ್ಲ ಬೇಕಾಗಿರಲಿಲ್ಲ. ಎಲ್ಲರೂ ಅಪ್ಪನನ್ನು ‘ಐನಾರ’, ಅಂದರೆ ಅಯ್ಯನವರು, ಎಂದೇ ಕರೆಯುತ್ತಿದ್ದರು. ನಮ್ಮ ಓಣಿಯಲ್ಲೇ ಒಂದು ಜಂಗಮರ ಮನೆಯಿತ್ತು, ಅಲ್ಲಿನ ಹಿರಿಯರೂ ಐನಾರೇ. ಗುರುತು ಸಿಗಲೆಂದು ಅವರು ಸೋಮವಾರದ ಐನಾರಾದರು, ಅಪ್ಪ ರವಿವಾರದ ಐನಾರನಾದ. ಗಿರಣಿಯವನು ನಮ್ಮ ಹಿಟ್ಟನ್ನು ಅವರ ಮನೆಗೆ, ಅವರ ಹಿಟ್ಟನ್ನು ನಮ್ಮ ಮನೆಗೆ ಕಳಿಸುವುದು ಆಗಾಗ ನಡೆಯುತ್ತಿತ್ತು.

ಅಪ್ಪ ತಿದ್ದುತ್ತಿದ್ದ. “ನಾ ಐನಾರ ಅಲ್ರಿ. ನಮ್ಮಾಗ ಐನಾರು ಅಂದ್ರ ಸಭಾಪಾಲಕರು. ನಾ ಬರೇ ಉಪದೇಶಿ.”

“ಹೌದ್ರಿ ಐನಾರ,” ಎಂದು ತಲೆಯಾಡಿಸುತ್ತಿದ್ದರು, ಕೇಳಿಸಿಕೊಂಡವರು.

ಅವ್ವನಿಗೆ ಆ ತಿದ್ದುವಿಕೆ ಸೇರುತ್ತಿರಲಿಲ್ಲ. ಅಪ್ಪ ಐನಾರನಾದ್ದರಿಂದಲೇ ಓಣಿಯ ಹೆಂಗಸರ ಬಾಯಲ್ಲಿ ಅವಳು ‘ಅಮ್ಮಾರ’ ಆಗಿದ್ದಳು. ಒಮ್ಮೆ ಸಭಾಪಾಲಕರ ಜೊತೆ ಅವರ ಹೆಂಡತಿಯೂ ಬಂದಿದ್ದರು. ಚರ್ಚಿನ ಬಾಗಿಲಲ್ಲಿ ಯಾರೋ “ಅಮ್ಮಾರ, ಇಲ್ಲಿ ಬರ್ರಿ” ಎಂದಾಗ ಇಬ್ಬರೂ ಒಟ್ಟಿಗೇ ತಿರುಗಿದರು. ಕರೆದದ್ದು ಆಕೆಯನ್ನು. ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದಳು.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಗಂಡ ಇದ್ದಷ್ಟು ದಿನ ಇಳಕಲ್ಲಿನಲ್ಲಿ ಸೀರೆ ನೇಯ್ದ ಮನೆ. ಆರಾಧನೆಗೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಚಾಪೆ ಹಿಡಿಯುವವಳು, ಅಪ್ಪ ಪ್ರಸಂಗ ಉದ್ದ ಮಾಡಿದರೆ ಗಟ್ಟಿಯಾಗಿ ಕೆಮ್ಮುವವಳು. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿ ಶಾಲೆಯಲ್ಲಿ ಕಲಿಸಲು ಶುರುಮಾಡಿದ ಮೇಲೆ, ಒಂದು ದಸರೆಯ ರಜೆಗೆ ಊರಿಗೆ ಹೋದಾಗ ಅವಳು ಹಾಸಿಗೆ ಹಿಡಿದಿದ್ದಳು. ಬಾಗಲಕೋಟೆಯ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಅವಳ ಮಗ ಬಂದ. “ಐನಾರ, ನಮ್ಮವ್ವ ಕರ್ತನ ಭೋಜನ ಬೇಡಾಕತ್ತಾಳ. ಲಗೂನ ಬರ್ರಿ.”

ಅಪ್ಪನ ಜೊತೆ ನಾನೂ ಅವ್ವನೂ ಹೋದೆವು. ಮುದುಕಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ಮಾತು ಸ್ಪಷ್ಟವಿತ್ತು. “ಕೊಡ್ರಿ ಐನಾರ. ನನ್ನ ಹೊತ್ತು ಬಂದೈತಿ.”

“ಸಭಾಪಾಲಕರಿಗೆ ಫೋನ್ ಮಾಡ್ತೇನಿ ತಾಯಿ,” ಎಂದ ಅಪ್ಪ. “ನನಗ ಕೊಡಾಕ ಬರಂಗಿಲ್ಲ.”

“ಯಾಕ ಬರಂಗಿಲ್ಲ? ನೀವು ಐನಾರ ಹೌದಲ್ಲೋ?”

“ನಾ ಉಪದೇಶಿರಿ.”

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಅಷ್ಟು ವರ್ಷ ಅವನು ಹೇಳುತ್ತ ಬಂದ ಮಾತು ಅವಳ ಕಿವಿಗೆ ಬಿದ್ದದ್ದು ಆಗಲೇ ಇರಬೇಕು.

ಸಭಾಪಾಲಕರು ಒಂದು ಮದುವೆಗೆಂದು ಬಾದಾಮಿಯಲ್ಲಿದ್ದರು. ಸಂಜೆಯೊಳಗೆ ಬರುತ್ತೇನೆ ಎಂದರು. ಅವ್ವ ಅಪ್ಪನನ್ನು ಹಿತ್ತಲಿಗೆ ಕರೆದಳು. “ಕೊಟ್ಟರ ಏನಾಗತೈತಿ? ಯಾರು ಬಂದು ಕೇಳ್ತಾರ? ಅವರು ಬರೂ ಮಟ ಆಕಿ ಉಳೀತಾಳಂತ ಏನ ಗ್ಯಾರಂಟಿ?”

ಅಪ್ಪ ಒಳಗೆ ಹೋಗಿ ಮುದುಕಿಯ ಹಾಸಿಗೆಯ ಪಕ್ಕ ಕೂತ. ಇಡೀ ಮಧ್ಯಾಹ್ನ ಹಾಗೇ ಕೂತಿದ್ದ. ಅವಳ ತುಟಿಗೆ ಚಮಚದಿಂದ ನೀರು ಬಿಡುತ್ತ, ಅವಳಿಗೆ ಗೊತ್ತಿದ್ದ ಕೀರ್ತನೆಗಳನ್ನು ಒಂದರ ಹಿಂದೊಂದು ಸಣ್ಣ ದನಿಯಲ್ಲಿ ಹಾಡಿದ. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸಿಟ್ಟೋ ಸುಸ್ತೋ ನನಗೆ ತಿಳಿಯಲಿಲ್ಲ.

ಹೊತ್ತು ಮುಳುಗುವ ಮುಂಚೆ ಸಭಾಪಾಲಕರು ಬಂದರು. ನನಗಿಂತ ಚಿಕ್ಕವರು, ಮದುವೆಯ ಊಟ ಬಿಟ್ಟು ಬಂದಿದ್ದರು. ನಿಲುವಂಗಿ ತೊಟ್ಟು, ಸಮಾಧಾನದಿಂದ ವಿಧಿ ನಡೆಸಿ, ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಅವಳ ಬಾಯಿಗಿಟ್ಟರು. ಮುದುಕಿ ಕಣ್ಣು ಮುಚ್ಚಿ ನುಂಗಿದಳು.

ಆಮೇಲೆ ಅವಳು ಸಾಯಲಿಲ್ಲ. ಎರಡು ವಾರದಲ್ಲಿ ಎದ್ದು ಕೂತಳಂತೆ, ಕ್ರಿಸ್ಮಸ್ ಹೊತ್ತಿಗೆ ಮುಂದಿನ ಚಾಪೆಗೆ ಮರಳಿದಳು. ಕ್ರಿಸ್ಮಸ್ ದಿನ ನಾನೂ ಊರಲ್ಲಿದ್ದೆ. ಆರಾಧನೆ ಮುಗಿದು ಬಾಗಿಲಲ್ಲಿ ನಿಂತ ಅಪ್ಪನಿಗೆ ಎಲ್ಲರೂ ಕೈಜೋಡಿಸಿ ಹೋಗುತ್ತಿದ್ದಾಗ ಅವಳೂ ಬಂದಳು.

“ವಂದನಿರಿ, ಉಪದೇಶಿ.”

ಅಪ್ಪ ಮುಗಿದ ಕೈ ಇಳಿಸುವುದನ್ನು ಮರೆತು ನಿಂತ. ತಾನೇ ಜೀವಮಾನವಿಡೀ ಹೇಳಿಕೊಟ್ಟ ಮಾತು. ಊರಿಗೆ ಊರೇ ಕಲಿಯದ್ದನ್ನು ಒಬ್ಬಳು ಕಲಿತಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ನೀರು ತರುವಾಗ, ದಾರಿಯಲ್ಲಿ ಸಿಕ್ಕಾಗ, ನಾಲ್ಕು ಜನರ ನಡುವೆ, ಉಪದೇಶಿ, ಉಪದೇಶಿ. ಅದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಆದರೂ ಅಪ್ಪ ಅವಳ ಮನೆಯ ಮುಂದೆ ಹಾಯುವಾಗ ಹೆಜ್ಜೆ ಜೋರು ಮಾಡುವುದನ್ನು ನಾನು ಕಂಡಿದ್ದೇನೆ. ಬೇರೆಯವರನ್ನು ತಿದ್ದುವುದನ್ನೂ ಅವನು ಅಷ್ಟರಲ್ಲಿ ಬಿಟ್ಟಿದ್ದ. ಯಾರಾದರೂ ಐನಾರ ಎಂದರೆ ಸುಮ್ಮನೆ ಓಗೊಡುತ್ತಿದ್ದ.

ನನಗೆ ಆಗ ಅನ್ನಿಸಿದ್ದು ಇದು: ಪದವಿಯ ಹೆಸರು ಕೊಡುವುದು ಬಿಷಪ್ಪರಿರಬಹುದು, ಆದರೆ ಅದು ಗೌರವವೋ ಮುಳ್ಳೋ ಎಂಬುದು ಕರೆಯುವವರ ಕೈಯಲ್ಲಿರುತ್ತದೆ.

ಅಪ್ಪ ನಿವೃತ್ತನಾದ ಮೇಲೆ ಇಬ್ಬರನ್ನೂ ನನ್ನ ಮನೆಗೆ ಕರೆತರಲು ಹೋದೆ. ಹೊರಡುವ ದಿನ ಸಾಮಾನು ಟೆಂಪೋಗೆ ಹೇರಿ ಕಳಿಸಿದ ಮೇಲೆ ಅಪ್ಪ ತಾನಾಗಿಯೇ ಓಣಿಯ ಕೊನೆಗೆ ನಡೆದ. ನಾನು ಹಿಂದೆ ಹೋದೆ. ಮುದುಕಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

“ಹೊಂಟ್ರೇನು ಉಪದೇಶಿ?”

“ಹೊಂಟ್ನಿ ತಾಯಿ.” ಅಪ್ಪ ನಿಂತೇ ಇದ್ದ. ಆಮೇಲೆ ಅವಳ ಮುಖ ನೋಡದೆ ಹೇಳಿದ: “ಅವತ್ತ ನನಗೂ ನಿಮಗ ಭೋಜನ ಕೊಡಬೇಕಂತ ಭಾಳ ಅನಿಸಿತ್ರಿ. ಕೊಡಾಕ ಬರಂಗಿಲ್ಲ ಅಂತ ಸುಮ್ಮನ ಕುಂತ್ನಿ.”

“ಹಂಗಂತ ಅವತ್ತ ಒಂದ ಮಾತ ಹೇಳಬೇಕಿಲ್ಲೋ?” ಎಂದಳು ಮುದುಕಿ. “ನಿಮಗ ಕೊಡೂ ಮನಸ ಇಲ್ಲಂತ ತಿಳದಿದ್ನಲ್ಲೋ ಯಪ್ಪಾ.”

ಅವಳು ಕಾಲು ಮಡಚಿಕೊಂಡು ಕಟ್ಟೆಯ ಮೇಲೆ ಜಾಗ ಮಾಡಿದಳು. ಒಳಗಿದ್ದ ಸೊಸೆಗೆ ಚಹಾ ಇಡಲು ಕೂಗಿ ಹೇಳಿದಳು. ಅಪ್ಪ ಕೂತ. ಬಾಗಲಕೋಟೆಯ ಬಸ್ಸು ಹಾರ್ನ್ ಹೊಡೆದದ್ದು ನಮಗೆಲ್ಲ ಕೇಳಿಸಿತು. ಅವ್ವ ದೂರದಿಂದ ಕೈಬೀಸಿ ಕರೆದಳು. ಅಪ್ಪ ಮುಂದಿನ ಬಸ್ಸಿಗೆ ಹೋಗೋಣವೆಂದು ಕೈಸನ್ನೆ ಮಾಡಿದ.