ಆ ರಾಜನಿಗೆ ತಂಗಿ ಇರಲಿಲ್ಲವೇ

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಂದಾಪುರದ ನಮ್ಮ ಕಾನ್ವೆಂಟಿನಲ್ಲಿ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್ ಬ್ರಿಟನ್ ದ್ವೀಪವನ್ನು ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ಬರೆದುಬಿಡುತ್ತಿದ್ದರು. ಅದರೊಳಗೆ ರೋಮನ್ನರ ರಸ್ತೆಗಳು, ಡೆಡ್ ಸ್ಟ್ರೇಟ್. ದ್ವೀಪವನ್ನು ಗೆದ್ದ ರೋಮನ್ನರಿಂದ ಅಲ್ಲಿನವರಿಗೆ ಕಲ್ಲಿನ ಮನೆ, ಬಿಸಿನೀರಿನ ಸ್ನಾನದ ಕಟ್ಟಡ, ಕೋರ್ಟು ಎಲ್ಲ ಬಂತಂತೆ. ತೆರಿಗೆಯೂ ಬಂತು, ಸೈನಿಕರೂ ಬಂದು ಕೂತರು. ದೊಡ್ಡವರ ಮಕ್ಕಳು ಲ್ಯಾಟಿನ್ ಕಲಿತರು. ಕ್ಲಾಸಿನಲ್ಲಿ ಕನ್ನಡ ಆಡಿದರೆ ಬೆಂಚು ಹತ್ತಿ ನಿಲ್ಲಬೇಕಾಗಿದ್ದ ನಮಗೆ ರೋಮನ್ನರ ಆ ಪ್ರಾವಿನ್ಸ್ ಅಷ್ಟೇನೂ ದೂರದ್ದೆನಿಸಲಿಲ್ಲ.

ಅಲ್ಲಿಯ ಒಬ್ಬ ಸಣ್ಣ ರಾಜ ಸಾಯುವ ಮುಂಚೆ ಅರ್ಧ ರಾಜ್ಯವನ್ನು ರೋಮಿನ ಚಕ್ರವರ್ತಿಗೂ ಇನ್ನರ್ಧವನ್ನು ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ವಿಲ್ ಬರೆದಿಟ್ಟ. ರೋಮನ್ನರು ಪೂರ್ತಿ ನುಂಗಿದರು. ಎದುರಾಡಿದ ರಾಣಿಗೆ ಚಾಟಿಯೇಟು. ವಿಲ್ ಯಾಕೆ ನಡೆಯಲಿಲ್ಲ ಎಂದು ಟೆಸ್ಟಿನಲ್ಲಿ ಕೇಳಿದ್ದರು. ರಾಜ್ಯ ಅವನ ತಾಯಿಯ ಕಡೆಯದು, ತಂಗಿಗೂ ತಂಗಿಯ ಮಕ್ಕಳಿಗೂ ಸೇರಬೇಕಾದದ್ದು, ಬರೆದುಕೊಡಲು ಅವನಿಗೆ ಯಾವ ರೈಟೂ ಇರಲಿಲ್ಲ ಎಂದು ಬರೆದೆ. ಗುಲ್ವಾಡಿಯ ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ತಾಯಿಯಿಂದ ಮಗಳಿಗೆ, ಯಜಮಾನಿಕೆ ಮಾತ್ರ ಸೋದರಮಾವನಿಗೆ. ಲೋಕವೆಲ್ಲ ಹಾಗೇ ಎಂದುಕೊಂಡಿದ್ದೆ. ಅಂಥ ಮನೆಗಳಿಂದಲೇ ಬರುತ್ತಿದ್ದ ಇನ್ನಿಬ್ಬರು ಹುಡುಗಿಯರೂ ಅದನ್ನೇ ಬರೆದಿದ್ದರು. ಕಾಪಿ ಹೊಡೆದಿದ್ದೀರಿ ಎಂದು ಸಿಸ್ಟರ್ ಮೂವರನ್ನೂ ವರಾಂಡದಲ್ಲಿ ನಿಲ್ಲಿಸಿದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮಾವ ಚಾವಡಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಯಜಮಾನನೂ ತನ್ನ ಪಾಲನ್ನು ಹೆಂಡತಿ ಮಕ್ಕಳಿಗೆ ಬಿಡಬಹುದೆಂಬ ಹೊಸ ಕಾನೂನು ಬಂದಿತ್ತು. ಹೆಮ್ಮಾಡಿಯ ತವರಲ್ಲೇ ಇದ್ದ ಅತ್ತೆಯನ್ನೂ ಮಕ್ಕಳನ್ನೂ ಅವರು ಆಗಲೇ ಕರೆತಂದು ನಮ್ಮಲ್ಲಿ ಇರಿಸಿದ್ದರು, ಪಾಲಿನ ಮಾತೂ ಎದ್ದಿತ್ತು. ಹುಟ್ಟಿದ ಮನೆ ಕೈಬಿಟ್ಟೀತು ಎಂಬ ಹೆದರಿಕೆಗೆ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ.

"ಆ ರಾಜಂಗೆ ತಂಗಿ ಇರ್ಲಿಲ್ಯಾ?" ಅಮ್ಮ ಕೇಳಿದಳು.

"ಇದ್ರೂ ಎಂತ ಮಾಡೂಕಿತ್ತ್?" ಮಾವ ನಕ್ಕರು. "ಹೆಣ್ಮಕ್ಳಿಗೆ ರಾಜ್ಯ ಎಂತಕ್ಕೆ? ರೋಮಿನವ್ರ್ ಮಾಡಿದ್ದೇ ಸಮ."

"ಹಾಂಗಾರೆ ಅಣ್ಣಯ್ಯ, ನೀವೀಗ ಯಾರ್ ಮನಿ ಚಾವ್ಡ್ಯಂಗೆ ಕೂಕಂಡದ್ದ್?"

ಮಾವ ಎದ್ದು ಅಂಗಳಕ್ಕಿಳಿದರು. ಅಮ್ಮ ಗೆದ್ದಳು ಎಂದುಕೊಂಡೆ, ಸಿಲ್ಲಿ ಗರ್ಲ್.

ಮಳೆಗಾಲ ಹಿಡಿಯುವ ಮೊದಲೇ ಪಾಲಾಯಿತು. ಮನೆ ಮಾವನಿಗೆ. ಅಮ್ಮನಿಗೆ ಬೈಂದೂರು ಕಡೆಯ, ಉಪ್ಪುನೀರು ನುಗ್ಗುವ ಗದ್ದೆ ಮತ್ತು ಎರಡು ಕೋಣೆಯ ಬಿಡಾರ. ಕೂತು ತೀರ್ಮಾನಿಸಿದ ಹಿರಿಯರು ಎಲ್ಲ ಕಾನೂನು ಪ್ರಕಾರವೇ ಎಂದರು. ಇರಬಹುದು. ಅಪ್ಪಯ್ಯ ತೀರಿಹೋಗಿದ್ದರು, ನಮ್ಮ ಪರವಾಗಿ ಬಾಯಿ ತೆರೆಯುವವರಿರಲಿಲ್ಲ.

ಬೈಂದೂರಿನಿಂದ ದಿನಾ ಬಂದು ಹೋಗುವುದು ಆಗದ ಮಾತು, ನನ್ನ ಕಾನ್ವೆಂಟೂ ಮುಗಿಯಿತು. ಕೊನೆಯ ದಿನ ಸಿಸ್ಟರ್ ಹತ್ತಿರ ಹೋಗಿ, ಆ ರಾಜನ ಇಬ್ಬರು ಹೆಣ್ಣುಮಕ್ಕಳು ಮುಂದೆ ಏನಾದರು ಎಂದು ಕೇಳಿದೆ. ರೋಮನ್ನರು ಮುಂದೆ ನೂರಾರು ವರ್ಷ ಆಳಿದ್ದು ಅವರಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಹಿಸ್ಟರಿ ಡಸ್ ನಾಟ್ ಸೇ, ಚೈಲ್ಡ್," ಎಂದರು.

ನನ್ನನ್ನು ಬ್ರಹ್ಮಾವರಕ್ಕೆ ಕೊಟ್ಟ ಮೇಲೆ, ಎಪ್ಪತ್ತರ ಆಸುಪಾಸಿನಲ್ಲಿ, ಗುಲ್ವಾಡಿಯ ಮನೆಯ ದೈವದ ಪೂಜೆಗೆ ಅಮ್ಮನ ಜೊತೆ ಹೋಗಿದ್ದೆ. ದೈವದ ಕೋಣೆಯ ದೀಪ ಹಚ್ಚುವುದು ಆ ಮನೆಯಲ್ಲಿ ಹುಟ್ಟಿದ ಹಿರಿಯ ಹೆಣ್ಣು. ಅಮ್ಮ ಮಿಂದು, ಮಡಿಯುಟ್ಟು ಬಾಗಿಲ ಬಳಿ ಹೋದಳು. ಒಳಗೆ ಅತ್ತೆ ಆಗಲೇ ದೀಪ ಹಚ್ಚಿಯಾಗಿತ್ತು. ಅತ್ತೆ ಕೆಟ್ಟವರಲ್ಲ. ನಗುನಗುತ್ತಲೇ ಹೊರಬಂದು ಅಮ್ಮನ ಕೈ ಹಿಡಿದರು.

"ನೀವ್ ಚಾವ್ಡ್ಯಂಗೆ ಕೂಕಣಿ. ನೆಂಟ್ರಿಗೆ ಮೊದ್ಲ್ ಬಡಿಸ್ತೆ."

ಅಮ್ಮ ಹೋಗಿ ಪಂಕ್ತಿಯಲ್ಲಿ ಕೂತಳು. ಬಡಿಸಿದ್ದನ್ನೆಲ್ಲ ಉಂಡಳು. ವಾಪಸ್ ಬಸ್ಸಿನಲ್ಲಿ ನಾನು ಅಳುತ್ತಿದ್ದೆ, ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ಊಟ ಲಾಯ್ಕಿತ್ತ್," ಎಂದಳು. ಆಮೇಲೆ ಬದುಕಿದ್ದಷ್ಟು ಕಾಲ ಆ ಮನೆಯ ಮಾತೆತ್ತಲಿಲ್ಲ.