ಪದ್ಮಾಕರನ ಕೆಳಗಿನ ಸ್ವರ

ಅನಗೋಳದ ಪದ್ಮಾಕರನಿಗೆ ಖಾನಾಪುರದಲ್ಲಿ ದೆವ್ವ ಮೆಟ್ಟಿತ್ತೆಂದು ಇತ್ತೀಚೆಗೆ ಒಂದು ಸ್ಮರಣಸಂಚಿಕೆಯಲ್ಲಿ ಅಚ್ಚಾಗಿದೆ. ಅವನು ಗೋವೆಯ ಕ್ರೈಸ್ತನೆಂದೂ ಅದರಲ್ಲಿಯೇ ಬರೆದಿದೆ. ಎರಡೂ ಸುಳ್ಳು. ಅವನು ಅನಗೋಳದ ಜೈನ ಒಕ್ಕಲು ಮನೆತನದವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬರೆಯುವ ಮುಂಚೆ ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಆದ್ದರಿಂದ ನಾನೇ ಬರೆಯಬೇಕಾಗಿದೆ. ಅನಗೋಳದ ಸಂಗತಿಗಳನ್ನು ಕಣ್ಣಾರೆ ಕಂಡಿದ್ದೇನೆ. ಖಾನಾಪುರದ್ದನ್ನು ಅವನ ತಂಗಿ ರತ್ನಮಾಲಾಬಾಯಿಯವರ ಬಾಯಿಂದಲೇ ಕೇಳಿದ್ದೇನೆ.

ತಂದೆ ತೀರಿಕೊಂಡ ಮೇಲೆ ತಾಯಿ ಅಕ್ಕಾತಾಯಿಯವರೇ ಹೊಲ ಮಾಡಿಸಿ ಇಬ್ಬರು ಮಕ್ಕಳನ್ನು ಬೆಳೆಸಿದರು. ಪದ್ಮಾಕರನದು ದೊಡ್ಡ ಕಂಠ. ಬೆಳಗಿನ ಪೂಜೆಗೆ ಬಸದಿಯಲ್ಲಿ ಅವನೇ ಹಾಡಬೇಕು. ೧೯೨೫ರಲ್ಲಿ ಅವನು ದಂಡಿನ ಕ್ಯಾಂಪಿನ ಬ್ರಾಸ್ ಎಂಬ ಸಂಗೀತ ಮಾಸ್ತರರ ಬಳಿ ಸ್ಯಾಕ್ಸೊಫೋನ್ ಕಲಿಯಲು ಹೋದ. ಮಾಸ್ತರರು ಗೋವೆಯವರು, ಗೋರಾ ಸಾಹೇಬರ ನೃತ್ಯಕೂಟಗಳಿಗೆ ಜಾಝ್ ಬಾರಿಸುವ ಮೇಳ ಕಟ್ಟಿದ್ದರು. ಸಂಚಿಕೆಯವರು ಗುರುವಿನ ಊರನ್ನು ಶಿಷ್ಯನಿಗೆ ಹಚ್ಚಿದ್ದಾರೆ.

ಬಾಗಿದ ಹಿತ್ತಾಳೆಯ ಕೊಳವೆ, ಅದರ ಮೈತುಂಬ ತೂತುಗಳು, ತೂತಿಗೊಂದು ಮುಚ್ಚಳ: ವಾದ್ಯವೆಂದರೆ ಇಷ್ಟೇ. ಅದರ ದನಿ ಅಕ್ಕಾತಾಯಿಯವರಿಗೆ ಹಿಡಿಸಿತ್ತು. "ಮನಶ್ಯಾ ಅತ್ತಂಗ ಕೇಳಸ್ತೈತಿ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಊದುತ್ತಿದ್ದಾಗ, ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದ ತಾಯಿಯ ಮೊರದಲ್ಲಿ ಏನೋ ಕಳಚಿ ಬಿತ್ತು.

"ಇದೇನೋ ಪದ್ಮಾ?"

"ಮುಚ್ಚಳದ ಒಳಗಿನ ಗಾದಿ, ಅವ್ವಾ."

"ಮೆತ್ತಗೈತಲ್ಲ. ಎದರದ್ದು?"

ಅವನಿಗೆ ಆಗ ಸುಳ್ಳು ಬರುತ್ತಿರಲಿಲ್ಲ. "ತೊಗಲಿಂದು."

ಅಕ್ಕಾತಾಯಿಯವರು ಮೊರದ ಬೇಳೆಯನ್ನೆಲ್ಲ ದನದ ಗೋದಲಿಗೆ ಸುರಿದರು. "ಇದನ್ನ ಊದಿದ ಬಾಯಿಲೆ ಬಸದ್ಯಾಗ ಹಾಡತಿಯಲ್ಲೋ! ಇನ್ನ ನಿನ್ನ ಕೈಯಾಗಿಂದ ನೀರೂ ಒಲ್ಲೆ."

ಬಸದಿಯ ಮುಂದೆ ತೊಗಲಿನ ಡೋಲು ಬಾರಿಸುತ್ತಿರಲಿಲ್ಲವೇ ಎಂದು ಕೇಳುವವರುಂಟು. ಬಾರಿಸುತ್ತಿದ್ದರು, ಆದರೆ ಬಾರಿಸುವವರನ್ನು ಯಾರೂ ಅಡುಗೆಮನೆಗೆ ಕರೆಯುತ್ತಿರಲಿಲ್ಲ. ಅಕ್ಕಾತಾಯಿಯವರಂತೂ ತೊಗಲು ಸೋಂಕಿದ ನೀರನ್ನು ಮುಟ್ಟದ ವ್ರತ ಹಿಡಿದವರು. ಕೆಲವು ದಿನ ಮಗ ಸೇದಿದ ನೀರನ್ನು ಚೆಲ್ಲಿ ತಾವೇ ಸೇದಿಕೊಂಡರು. ಕೊನೆಗೆ ದಾರಿ ಹುಡುಕಿದವರೂ ಅವರೇ. ರೇಷ್ಮೆ ಹುಳುವಿನದು, ಬೇಡ; ಮೇಣ ಜೇನಿನದು, ಬೇಡ. ತಮ್ಮ ಹಳೆಯ ಶಹಾಪುರದ ನೂಲಿನ ಸೀರೆಯನ್ನು ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಜಾಲಿಯ ಅಂಟು ಹಚ್ಚಿ, ಒಂದೊಂದು ಮುಚ್ಚಳಕ್ಕೂ ಬಿಲ್ಲೆ ಮಾಡಿ ಕೊಟ್ಟರು. ಅಂದಿನಿಂದ ಮಗನ ಕೈಯ ನೀರು ಮತ್ತೆ ನಡೆಯಿತು.

ಆದರೆ ಬಟ್ಟೆ ಗಾಳಿಯನ್ನು ತಡೆಯದು. ಮೇಲಿನ ಸ್ವರಗಳ ಜೊತೆ ಬುಸುಬುಸು ಉಸಿರು ಬರುತ್ತಿತ್ತು. ಎಲ್ಲಕ್ಕೂ ಕೆಳಗಿನ ಸ್ವರವಂತೂ ಹೊರಡುತ್ತಲೇ ಇರಲಿಲ್ಲ.

"ಏ ಪದ್ಮ್ಯಾ, ನಿನ್ನ ವಾದ್ಯ ಬಾರಸೂದಿಲ್ಲೋ, ದಮ್ಮು ಹತ್ತಿದ ಮುದುಕನಂಗ ತೇಕತೈತಿ" ಎಂದರು ಬ್ರಾಸ್ ಮಾಸ್ತರರು.

"ಆ ಕೆಳಗಿನ ಸ್ವರ ನಾ ಹಾಡತೀನ್ರಿ, ಮಾಸ್ತರ."

ಹಾಗೆಯೇ ಮಾಡಿದ. ರಾಗ ಕೆಳಗಿಳಿದಾಗ ವಾದ್ಯದಿಂದ ತುಟಿ ತೆಗೆದು ಆ ಸ್ವರವನ್ನು ಕಂಠದಿಂದ ತುಂಬಿ, ಮತ್ತೆ ಊದುತ್ತಿದ್ದ. ಸಾಹೇಬರು ಅದನ್ನೇ ಬಯಸಿ ಕರೆಸತೊಡಗಿದರು. ಅವನು ವಾದಕನೂ ಗಾಯಕನೂ ಆದದ್ದು ಹೀಗೆ.

೧೯೨೮ರಲ್ಲಿ ಮುಂಬಯಿಯ ಒಂದು ಹೋಟೆಲಿನವರು ಮೇಳವನ್ನು ಗೊತ್ತುಮಾಡಿದರು. ಮಾಸ್ತರರು ಖಂಡಿತವಾಗಿ ಹೇಳಿದರು: "ಮುಂಬಯಿದಾಗ ಅರಿಬಿ ಗಾದಿ ವಾದ್ಯ ನಡಿಯೂದಿಲ್ಲ. ತೊಗಲ ಹಾಕು, ಇಲ್ಲಾ ಅನಗೋಳದಾಗ ಶೇಂಗಾ ಬಿತ್ತಕೋತ ಕುಂದರು." ಪದ್ಮಾಕರ ಬಹಳ ಯೋಚಿಸಿದ. ತೊಗಲು ಹಾಕಿಸಿದ. ಹೊರಡುವ ಮುಂಚೆ ತಾಯಿಗೆ ತಾನೇ ಹೇಳಬೇಕೆಂದು ನಿಶ್ಚಯಿಸಿದ್ದ.

ತಾಯಿ ಆಗ ಖಾನಾಪುರದಲ್ಲಿ ಮಗಳ ಮನೆಯಲ್ಲಿ ಜ್ವರದಿಂದ ಮಲಗಿದ್ದರು. ಅವರನ್ನು ಕಂಡ ಮೇಲೆ ಅವನು ತೊಗಲಿನ ಮಾತೆತ್ತದೆ, ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಪಕ್ಕ ಕೂತ.

"ಬಸದ್ಯಾಗ ಹಾಡತಿದ್ದೆಲ್ಲ, ಅದನ್ನ ಊದು" ಎಂದರು ಅವರು.

ಊದಿದ. ಸ್ತುತಿಯ ಕೊನೆಗೆ ರಾಗ ಕೆಳಗಿಳಿಯಿತು. ಹಾಡಬೇಕಾದಲ್ಲಿ ಹಾಡಲು ಮರೆತ. ಬೆರಳು ತಾನಾಗಿಯೇ ಒತ್ತಿತು. ಮೂರು ವರ್ಷ ಹೊರಡದಿದ್ದ ಸ್ವರ ತುಂಬಿ ಹೊರಟು, ಗೋಡೆಯ ಮಾಡದಲ್ಲಿದ್ದ ತಂಬಿಗೆಗಳು ಗುಂಯ್ಗುಟ್ಟಿದವು. ಅಕ್ಕಾತಾಯಿಯವರು ಕಣ್ಣು ತೆರೆದರು.

"ಅರಿಬೀನ ಐತೇನೋ?"

"ಅರಿಬೀನ ಐತ್ಯವ್ವಾ."

"ಇಷ್ಟು ತುಂಬಿ ಬಂತಲ್ಲ."

"ಊದಿ ಊದಿ ಹದಕ್ಕ ಬಂದೈತಿ."

"ಹಂಗಾದ್ರ ಇನ್ನೊಮ್ಮೆ ಊದು. ಅದೊಂದನ್ನಷ್ಟ."

ಅವನು ಊದಿದ. ದನಿ ಪೂರ್ತಿ ಅಡಗುವವರೆಗೂ ಕೇಳಿ, ಅವರು ನೀರು ಬೇಡಿದರು. ಬಾಗಿಲಲ್ಲಿದ್ದ ರತ್ನಮಾಲಾಬಾಯಿಯವರು ತಂಬಿಗೆ ತಂದರೆ, "ನೀ ಬ್ಯಾಡ. ಅಂವ ಕುಡಸಲಿ" ಎಂದರು. ಮಗ ತಂಬಿಗೆಯನ್ನು ತುಟಿಗೆ ಹಿಡಿದ. ಅವರು ಗುಟುಕು ಗುಟುಕಾಗಿ ಅಷ್ಟೂ ನೀರನ್ನು ಕುಡಿದರು. ಮರುದಿನ ಬೆಳಿಗ್ಗೆ ತೀರಿಕೊಂಡರು.

ಪದ್ಮಾಕರ ಮುಂಬಯಿಗೆ ಹೋದ. ವಾದ್ಯ ಸರಿಯಿತ್ತು, ಎದೆಯಲ್ಲಿ ಉಸಿರೂ ಇತ್ತು. ಆದರೂ ಆ ಸ್ವರ ಬಂದಲ್ಲಿ ಅವನು ತುಟಿ ತೆಗೆದು ಹಾಡಿಬಿಡುತ್ತಿದ್ದ. ಮುಂಬಯಿಯವರು ಅದನ್ನು ಹೊಸ ಶೈಲಿ ಎಂದು ಮೆಚ್ಚಿದರು. ಅವನು ತಂಗಿಗೆ ಹೇಳಿದ್ದು ಬೇರೆ. ಬೆರಳು ಆ ಮುಚ್ಚಳದ ಹತ್ತಿರ ಹೋದರೆ ಸಾಕು, ಕೊಳವೆಯ ಒಳಗೆ ಯಾರೋ ನೀರು ಗುಟುಕರಿಸುವ ಸಪ್ಪಳ ಕೇಳುತ್ತಿತ್ತಂತೆ. ಮೊದಲು ಆ ಒಂದು ಸ್ವರದಲ್ಲಿ. ಆಮೇಲೆ ಅದರ ಮೇಲಿನದರಲ್ಲಿ. ಹಾಗೆಯೇ ಏರುತ್ತ ಹೋಗಿ ಊದಲು ಯಾವ ಸ್ವರವೂ ಉಳಿಯಲಿಲ್ಲ. ಆಮೇಲೆ ಹಾಡುವಾಗ ಅದು ಅವನ ಗಂಟಲಿನಲ್ಲಿಯೇ ಕೇಳತೊಡಗಿತು.

೧೯೨೯ರ ಬೇಸಿಗೆಯಲ್ಲಿ ವಾದ್ಯವನ್ನು ಮಾಸ್ತರರಿಗೆ ಒಪ್ಪಿಸಿ ಖಾನಾಪುರಕ್ಕೆ ಬಂದ. ಬುದ್ಧಿ ನೆಟ್ಟಗಿತ್ತು, ತಂಗಿಯ ಗಂಡನ ಹೊಲದಲ್ಲಿ ದುಡಿಯುತ್ತಿದ್ದ. ಆ ಮಳೆಗಾಲದಲ್ಲಿ ಜ್ವರ ಹತ್ತಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಮಲಗಿದ್ದಷ್ಟು ದಿನವೂ, ತಂಗಿ ನೀರು ತಂದಾಗಲೆಲ್ಲ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಅದೊಂದನ್ನೇ ಕೇಳುತ್ತಿದ್ದ.

"ರತ್ನಾ, ಅದು ತೊಗಲಂತ ಅವ್ವಗ ಗೊತ್ತಾಗಿತ್ತೇನ?"

"ನಿನ್ನ ಕೈಯಾಗಿಂದ ನೀರು ಕುಡದಳಲ್ಲೋ, ಅಣ್ಣಾ."

"ಅದಕ್ಕ ಕೇಳಾಕತ್ತೀನಿ."