ದಾರಿಯಲ್ಲಿ ನಿಲ್ಲಿ, ಹೊಲದೊಳಗೆ ಬರಬೇಡಿ

ನಮ್ಮ ಮನೆಯವರು ಸೇನೆಯಿಂದ ನಿವೃತ್ತರಾಗಿ ನಮ್ಮೂರು ತಾಂಬಾಕ್ಕೆ ಬಂದ ಮೇಲೆ ಒಮ್ಮೆಯೂ ಸೀತನಿ ತಿಂದಿರಲಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಜೋಳದ ಕಾಳಿನಲ್ಲಿ ಹಾಲು ಗಟ್ಟಿಯಾಗುವ ಹೊತ್ತಿಗೆ ಹಸಿ ತೆನೆ ಮುರಿದು, ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಉದುರಿಸಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ತಿನ್ನುವುದು ನಮಗೆ ವರ್ಷಕ್ಕೊಮ್ಮೆ ಬರುವ ಸುಖ. ಇವರು ಕೆಂಡ ಮಾಡುತ್ತಿದ್ದರು, ತೆನೆ ಸುಡುತ್ತಿದ್ದರು, ಎಲ್ಲರಿಗೂ ಕೊಡುತ್ತಿದ್ದರು, ತಾವು ಮಾತ್ರ ಒಂದು ಕಾಳು ಬಾಯಿಗೆ ಹಾಕುತ್ತಿರಲಿಲ್ಲ. "ಹಲ್ಲ ನೋಯ್ತಾವು" ಅನ್ನುತ್ತಿದ್ದರು. ಅದೇ ಹಲ್ಲಿನಿಂದ ಕಡಕ್ ರೊಟ್ಟಿ ಕಟಕಟ ಅಂತ ಅಗಿಯುವುದನ್ನು ನಾನು ದಿನಾ ನೋಡುತ್ತಿದ್ದೆ.

ಇನ್ನೊಂದು ವಿಚಿತ್ರವೂ ಇತ್ತು. ನಮ್ಮೂರಲ್ಲಿ ದಾರಿಹೋಕರು ಯಾರದೇ ಹೊಲಕ್ಕೆ ಇಳಿದು ನಾಲ್ಕು ತೆನೆ ಮುರಿದು ತಿಂದರೆ ಅದು ಕಳ್ಳತನವಲ್ಲ. ಕಟ್ಟಿಕೊಂಡು ಹೋದರೆ ಮಾತ್ರ ಕಳ್ಳತನ. ಇವರು ನಮ್ಮ ಸ್ವಂತ ಹೊಲದಲ್ಲೂ ತೆನೆಗೆ ಕೈ ಹಾಕುವ ಮುಂಚೆ ನನ್ನ ಕಡೆ ತಿರುಗಿ "ಮುರೀಲೇನ?" ಎಂದು ಕೇಳುತ್ತಿದ್ದರು. "ಹೊಲ ನಿಮ್ಮಪ್ಪಂದು. ನನ್ನ ಯಾಕ ಕೇಳ್ತೀರಿ?" ಎಂದು ನಾನು ರೇಗುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುದ್ದೇಬಿಹಾಳದ ನನ್ನ ತವರಿನವರನ್ನು ಕೇಳಿದರೂ ಹೇಳುತ್ತಾರೆ.

ಇವರು ಸೇವೆಯಲ್ಲಿದ್ದಾಗ ಒಂದು ವರ್ಷ ಆಫ್ರಿಕಾದ ಒಂದು ದೇಶಕ್ಕೆ ಹೋಗಿದ್ದರು. ಅಲ್ಲಿ ತಮ್ಮತಮ್ಮಲ್ಲೇ ಕಾದಾಟ. ನಡುವೆ ನಿಲ್ಲಲು ಹಲವು ದೇಶಗಳ ಸೈನಿಕರು ನೀಲಿ ಹೆಲ್ಮೆಟ್ ಹಾಕಿಕೊಂಡು ಹೋಗಿದ್ದರು. ಅಲ್ಲಿಂದ ಬಂದ ಮೇಲೆ ಆ ವರ್ಷದ ಬಗ್ಗೆ ಇವರು ಬಾಯಿ ಬಿಡಲಿಲ್ಲ, ನಾನೂ ಕೆದಕಲಿಲ್ಲ.

ಕೆದಕಬೇಕಾಗಿ ಬಂದದ್ದು ಮಗಳಿಂದ. ಅವಳೂ ಅಪ್ಪನ ಹಾದಿ ಹಿಡಿದು ಸೇನಾ ಪೊಲೀಸ್ ಸೇರಿದ್ದಾಳೆ. ಹೋದ ವರ್ಷ ಸೀತನಿ ಕಾಲಕ್ಕೆ ಸರಿಯಾಗಿ ರಜೆಯ ಮೇಲೆ ಬಂದವಳು, ಚೀಲ ಇಳಿಸುವ ಮುಂಚೆಯೇ ಬಾಂಬು ಹಾಕಿದಳು.

"ಅವ್ವಾ, ಅಪ್ಪ ಹೋಗಿದ್ದನಲ್ಲ, ಆ ದೇಶಕ್ಕ ಹೋಗಾಕ ಹೆಣ್ಮಕ್ಕಳ ಹೆಸರ ಕೇಳ್ಯಾರ. ರಜಾ ಮುಗಿಸಿ ಹೋಗಿ ನಾ ಹೆಸರ ಕೊಡಬೇಕಂತ ಮಾಡೇನಿ."

"ಅಯ್ಯ ನಿನ್ನ! ಊರ ಉಸಾಬರಿ ನಿನಗ್ಯಾಕ ಬೇಕು?" ಎಂದು ನಾನು ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು.

ನಾನು ಇಂಡಿ ಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೊರಗಿನ ಸೇನೆ ಬಂದರೆ ಅಲ್ಲಿನ ಸಾಮಾನ್ಯ ಜನರ ಬದುಕು ಸುಧಾರಿಸುತ್ತದೆಯೇ ಎಂದು ಮಕ್ಕಳು ಕೇಳಿದರೆ, ಹಲಗೆಯ ನಡುವೆ ಗೆರೆ ಎಳೆದು ಈ ಕಡೆ ಅನುಕೂಲ, ಆ ಕಡೆ ಅನಾನುಕೂಲ ಬರೆಸಿ, ಗಂಟೆ ಹೊಡೆದ ಕೂಡಲೇ ಒರೆಸಿ ಬರುವವಳು. ಆದರೆ ಮಗಳ ಮಾತು ಬಂದಾಗ ಗೆರೆ ಎಳೆಯುವ ತಾಳ್ಮೆ ಎಲ್ಲಿಂದ ಬರಬೇಕು? ಬಂದೂಕು ಹಿಡಿದು ಮಂದಿಯ ದೇಶಕ್ಕೆ ಹೋದವರಿಂದ ಯಾರ ಮನೆಯೂ ಉದ್ಧಾರವಾಗಿಲ್ಲ, ಹೋದವರು ಮಾತ್ರ ಹೆಣವಾಗಿ ಬರುತ್ತಾರೆ ಎಂದು ಒಂದೇ ಕಡೆಗೆ ವಾದಿಸಿದೆ. ನಿಜ ಹೇಳಬೇಕೆಂದರೆ ಆ ದೇಶದ ಜನರ ಚಿಂತೆ ನನಗೆ ಇರಲಿಲ್ಲ. ಇದ್ದೊಬ್ಬ ಮಗಳನ್ನು ಕಳೆದುಕೊಳ್ಳುವ ಭಯವಿತ್ತು.

ಮಗಳು ಕೊನೆಗೆ ಅಂದಳು: "ಅಪ್ಪ ಹೇಳ್ಲಿ. ತಾವು ಹೋಗಿದ್ದಕ್ಕ ಅಲ್ಲಿ ಒಬ್ಬರಿಗೂ ಚಲೋ ಆಗಿಲ್ಲ ಅಂತ ಅಪ್ಪ ಅಂದ್ರ, ನಾ ಹೆಸರ ಕೊಡೂದಿಲ್ಲ."

ನನಗೆ ಒಳಗೊಳಗೇ ಖುಷಿ. ಒಂದು ವರ್ಷದ ಬಗ್ಗೆ ಇಷ್ಟು ಮುಚ್ಚಿಟ್ಟವರು ಚಲೋ ಸುದ್ದಿ ಏನು ಹೇಳಿಯಾರು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮೂವರೂ ಹೊಲಕ್ಕೆ ಹೋದೆವು. ಇವರು ಕೆಂಡದ ಮೇಲೆ ತೆನೆ ಹೊರಳಿಸುತ್ತ, ನಮ್ಮ ಮುಖ ನೋಡದೆ ಮಗಳಿಗೆ ಹೇಳಲು ಶುರು ಮಾಡಿದರು.

"ಆ ದೇಶದಾಗೂ ಜ್ವಾಳ ಬೆಳೀತಾರ, ನಮ್ಮವ್ವ. ಗಸ್ತಿ ಮುಗಿಸಿ ಬರೂ ಮುಂದ ದಾರಿ ಮಗ್ಗಲಕ್ಕ ನೋಡಿದೆ, ಥೇಟ್ ನಮ್ಮ ಹೊಲಾನ. ತೆನಿ ಹಾಲಗಾಳಿಗೆ ಬಂದಿತ್ತು. ಹೆಗಲಿಗೆ ಬಂದೂಕು ಐತಿ ಅನ್ನೂದ ಮರ್ತೆ. ತಾಂಬಾದಾಗ ಇಳದಂಗ ಒಳಗ ಇಳದು ನಾಕ ತೆನಿ ಮುರದೆ."

ಬೆಳೆಯ ನಡುವಿನಿಂದ ಒಬ್ಬ ಹೆಂಗಸು ಬಂದಳಂತೆ, ತಲೆಯ ಮೇಲೆ ಬುಟ್ಟಿ. ಬೈಯುತ್ತಾಳೆ ಎಂದುಕೊಂಡರಂತೆ ಇವರು. ನಮ್ಮ ಕಡೆಯಾದರೆ ಬಾಯಿ ತುಂಬ ಬೈದು, ಆಮೇಲೆ ತಾವೇ ಇನ್ನೆರಡು ಮುರಿದು ಕೈಗಿಡುತ್ತಾರೆ. ಅವಳು ಬೈಯಲಿಲ್ಲ. ಬುಟ್ಟಿ ಇಳಿಸಿ, ಅದರಲ್ಲಿದ್ದ ತೆನೆಯನ್ನೆಲ್ಲ ಇವರ ಬೂಟಿನ ಮುಂದೆ ಸುರಿದು, ಮೊಣಕಾಲೂರಿ ಕುಳಿತಳು. ಅವಳ ಕಣ್ಣು ಇವರ ಮುಖದ ಮೇಲೆ ಇರಲಿಲ್ಲ, ಬಂದೂಕಿನ ಮೇಲಿತ್ತು.

"ಬ್ಯಾಡ ಯವ್ವಾ, ಬ್ಯಾಡ ಅಂದೆ. ಕನ್ನಡದಾಗ ಅಂದೆ. ಆಕಿಗೇನ ತಿಳೀತೈತಿ?" ಇವರು ಇನ್ನೊಂದು ತೆನೆ ಹೊರಳಿಸಿದರು. "ಮೊದಲ ಒಂದ ಗುಂಪಿನವರು ಬಂದು ಆಕಿ ಕಾಳು ಒಯ್ದಿದ್ರಂತ. ಆಮ್ಯಾಲ ಅವರ ವೈರಿಗಳು ಬಂದು ದನ ಒಯ್ದ್ರು. ಮೂರನೇದಾವ ನಾನು. ಟೊಪ್ಪಿಗಿ ನೀಲಿ ಇದ್ರೇನಾತು? ಬಂದೂಕು ಬಂದೂಕೇ."

ನಾನು ಸಿಕ್ಕ ಅವಕಾಶ ಬಿಡಲಿಲ್ಲ. "ಮತ್ತ! ನೀವು ಹೋಗಿದ್ದರಿಂದ ಆಕಿಗೆ ಕೆಟ್ಟಾನ ಆತಲ್ರಿ" ಅಂದೆ.

"ಪೂರ್ತಿ ಕೇಳ" ಅಂದರು.

ಮರುದಿನ ಇವರ ಸಾಹೇಬರು ಇವರಿಗೆ ಚೆನ್ನಾಗಿ ಉಗಿದು, ದುಭಾಷಿಯನ್ನು ಕರೆದುಕೊಂಡು, ತಪ್ಪಾಯಿತೆಂದು ಹೇಳಿಸಲು ಇವರನ್ನು ಆ ಹೆಂಗಸಿನ ಬಳಿಗೆ ಒಯ್ದರಂತೆ. ನಿಮಗೇನು ಸಹಾಯ ಬೇಕು ಎಂದೂ ಕೇಳಿಸಿದರು. ಅವಳು, ಕೊಯ್ಲು ಮುಗಿಯುವ ತನಕ ದಾರಿಯಲ್ಲಿ ನಿಲ್ಲಿ, ಹೊಲದೊಳಗೆ ಬರಬೇಡಿ ಎಂದಳಂತೆ.

"ಪಾಳಿ ಹಚ್ಚಿ ನಿಂತೆವು. ಆ ವರ್ಷ ಆ ಊರ ಜ್ವಾಳ ಆ ಊರ ಮಂದೀನ ಉಂಡ್ರು. ಅದರಾಚೆ ಊರಿಗೆ ಮುಟ್ಟೂದ್ರಾಗ ತಡ ಆತು, ಅಲ್ಲಿ ಬೂದಿ ಅಷ್ಟ ಇತ್ತು. ನಾವು ಹೊಳ್ಳಿ ಬಂದ ಮ್ಯಾಲ ಆಕಿ ಗತಿ ಏನಾತೋ ನನಗ ಗೊತ್ತಿಲ್ಲ. ಎಲ್ಲಾ ಚಲೋ ಮಾಡಿ ಬಂದೆವು ಅನ್ನಾಂಗಿಲ್ಲ. ಒಬ್ಬರಿಗೂ ಚಲೋ ಆಗಿಲ್ಲ ಅಂದ್ರ ಅದೂ ಸುಳ್ಳ ಆಕ್ಕೈತಿ, ನಮ್ಮವ್ವ."

ಮಗಳು ಹೆಸರು ಕೊಡುವುದು ಖಚಿತ ಎಂದು ಅವಳ ಮುಖ ನೋಡಿದರೆ ಗೊತ್ತಾಯಿತು. ನನಗೆ ಅಳು ಬಂತು. "ಒಂದ ಸುಳ್ಳ ಹೇಳಾಕ ಬರಲಿಲ್ಲೇನ್ರಿ ನಿಮಗ? ಒಂದ!" ಎಂದು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ.

ಎರಡು ದಿನ ಇಬ್ಬರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಮಗಳಿಗೆ ಬುತ್ತಿ ಕಟ್ಟಬೇಕಲ್ಲ, ರೊಟ್ಟಿ ಬಡಿಯಲು ಕುಳಿತೆ. ನನ್ನ ಸಿಟ್ಟನ್ನೆಲ್ಲ ಆ ಹಿಟ್ಟಿನ ಮೇಲೆ ಬಡಿದೆ. ಇಂಡಿ ಬಸ್ ನಿಲ್ದಾಣದಲ್ಲಿ ಅವಳ ಕೈ ಹಿಡಿದು ಒಂದೇ ಮಾತು ಹೇಳಿದೆ: "ಕೇಳಲಾರದ ಏನೂ ಮುಟ್ಟಬ್ಯಾಡ."

ಅವಳ ಹೆಸರು ಬಂತು, ತರಬೇತಿ ಮುಗಿಯಿತು, ಹೋದಳು. ಅಂದಿನಿಂದ ದೂರದರ್ಶನದಲ್ಲಿ ಸುದ್ದಿ ಹಚ್ಚಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಈ ಸಲ ಮತ್ತೆ ಹಾಲುಗಾಳಿನ ಹೊತ್ತು. ಭಾನುವಾರ ನಾವಿಬ್ಬರೂ ಹೊಲದಲ್ಲಿದ್ದಾಗ ಮಗಳ ವಿಡಿಯೊ ಕರೆ ಬಂತು. ಮೈಯೆಲ್ಲ ಧೂಳು, ನಗು ಮಾತ್ರ ಹಾಗೇ ಇತ್ತು. ಅವಳ ಹಿಂದೆ ದೂರದಲ್ಲಿ ಜೋಳ ಕೊಯ್ಯುವ ಹೆಂಗಸರು ಕಂಡರು, ಅವರ ಕೂಗಾಟ ಇಲ್ಲಿಯವರೆಗೂ ಕೇಳಿಸುತ್ತಿತ್ತು.

"ಏನ ಗದ್ದಲ ಅದು? ನೀ ಆರಾಮ ಅದಿಯಿಲ್ಲೋ?" ಎಂದು ನಾನು ಗಾಬರಿಯಾದೆ.

"ಜಗಳ, ಅವ್ವಾ! ಯಾರ ಸಾಲು ಯಾರ ಕೊಯ್ದ್ರು ಅಂತ ಮುಂಜಾನಿಂದ ತಮ್ಮತಮ್ಮಾಗ ಹತ್ಯಾರ. ಮೊದಲನೇ ದಿನ ಪಿಟ್ ಅಂದಿರಲಿಲ್ಲ. ಕೊಯ್ಯೂದು, ತಿರುಗಿ ನಮ್ಮ ಬಂದೂಕು ನೋಡೂದು. ಇವತ್ತ ನಮ್ಮ ಕಡೆ ಒಬ್ಬಾಕೀನೂ ಹೊಳ್ಳಿ ನೋಡವಲ್ಲಳು."

ಇವರು ಫೋನು ಇಸಿದುಕೊಂಡರು. "ನೀ ಎಲ್ಲಿ ನಿಂತಿ?"

"ದಾರ್ಯಾಗ, ಅಪ್ಪಾ."

ಇವರು ಜೋರಾಗಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಹೊಲದಾಗ ಹಿಂಗ ಬಾಯಿ ಬಿಟ್ಟು ಜಗಳಾಡಾಕತ್ತಾರಂದ್ರ ಅಂಜಿಕಿ ಹೋಗೇತಿ" ಎಂದು ನನಗೆ ಹೇಳಿದರು. ಕರೆ ಮುಗಿದ ಮೇಲೆ ಹೋಗಿ ಒಂದು ತೆನೆ ಹಿಡಿದು ನನ್ನ ಕಡೆ ತಿರುಗಿದರು.

"ಮುರೀಲೇನ?"

ಈ ಸಲ ನಾನು ರೇಗಲಿಲ್ಲ. "ಮುರೀರಿ" ಅಂದೆ.

ಸುಟ್ಟು, ಉಜ್ಜಿ, ಊದಿ, ಮೊದಲ ಹಿಡಿಯನ್ನು ನನಗೆ ಕೊಟ್ಟರು. ಎರಡನೆಯದನ್ನು ತಮ್ಮ ಬಾಯಿಗೇ ಹಾಕಿಕೊಂಡರು.

"ಹಲ್ಲ ನೋಯ್ತಾವೇನ್ರಿ?" ಎಂದು ಕೇಳಿದೆ.

ಬಾಯಿ ತುಂಬಿತ್ತು. ಇಲ್ಲ ಎಂದು ತಲೆಯಾಡಿಸಿ, ಹಿಂಡಿಗೆ ಕೈ ಚಾಚಿದರು.